ಜಾತ್ರೆಯಲ್ಲಿ ಕಾಲ್ ಹೋಗಲ್ಲ, ವಿಮಾನ ನಿಲ್ದಾಣದಲ್ಲಿ ಹೋಗಲೇಬೇಕು

(ದೃಶ್ಯ: ಶಿರಸಿ ಬಿಡ್ಕಿಬೈಲು, ಜಾತ್ರೆಯ ರಾತ್ರಿ)

ನಮಸ್ಕಾರ. ಮಾರಿಕಾಂಬೆ ಜಾತ್ರೆಗೆ ಬಂದವರಿಗೆ ಇದು ಗೊತ್ತು. ಮೊಬೈಲಿನಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ ಇರುತ್ತೆ, ಆದರೂ ಗದ್ದುಗೆ ಹತ್ತಿರ ನಿಂತ ಅಮ್ಮನಿಗೆ ಕಾಲ್ ಹೋಗಲ್ಲ. ಟವರ್ ಕೆಟ್ಟಿಲ್ಲ. ಅದೇ ಟವರನ್ನು ಸಾವಿರಾರು ಫೋನು ಒಟ್ಟಿಗೆ ಕರೀತಾ ಇವೆ.

ದೊಡ್ಡ ವಿಮಾನ ನಿಲ್ದಾಣದಲ್ಲಿ ದಿನಾ ಜಾತ್ರೆ. ಪ್ರಯಾಣಿಕರು ನಾವು ಎರಡು ನಿಮಿಷ ಕಾಯಬಹುದು. ವಿಮಾನದ ಕೆಳಗೆ ಕೆಲಸ ಮಾಡೋರು? ಬ್ಯಾಗ್ ಸ್ಕ್ಯಾನ್ ಮಾಡೋ ಹುಡುಗ, ಇಂಧನ ತುಂಬಿಸಿ ಲೆಕ್ಕ ಕಳಿಸೋರು, ವಿಮಾನವನ್ನು ಹಿಂದಕ್ಕೆ ತಳ್ಳೋ ಟ್ರ್ಯಾಕ್ಟರ್ ಚಾಲಕ. ಅವರ ಕೈಯಲ್ಲಿರೋ ಸಾಧನ ಗರಗರ ತಿರುಗ್ತಾ ನಿಂತರೆ ವಿಮಾನವೂ ನಿಲ್ಲುತ್ತೆ. ಇದಕ್ಕೆ ಒಂದು ದಾರಿ ಖಾಸಗಿ 5ಜಿ, ಅಂದ್ರೆ ನಿಲ್ದಾಣದ್ದೇ ಆದ ಮೊಬೈಲ್ ಜಾಲ.

ವೈಫೈ ಇದೆಯಲ್ಲ ಅಂತೀರಿ. ವೈಫೈ ತರಂಗ ಯಾರಪ್ಪನ ಸ್ವತ್ತೂ ಅಲ್ಲ, ಲೈಸೆನ್ಸ್ ಬೇಡ. ಹಾಗಾಗಿ ಪ್ರತಿ ಸಾಧನವೂ ಬೇರೆ ಯಾರಾದ್ರೂ ಮಾತಾಡ್ತಿದಾರಾ ಅಂತ ಕಿವಿಗೊಟ್ಟು, ಸುಮ್ಮನಾದ ಮೇಲೆ ಬಾಯಿ ತೆರೀಬೇಕು. ಜನ ಹೆಚ್ಚಾದಷ್ಟು ಸರದಿ ದೂರ. ಅದರ ಮೇಲೆ, ವೈಫೈ ಪೆಟ್ಟಿಗೆಯ ವ್ಯಾಪ್ತಿ ಸಣ್ಣದು. ಓಡೋ ಗಾಡಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವಾಗ ಕೊಂಡಿ ತಪ್ಪಬಹುದು. ವಿಮಾನದ ಲೋಹದ ಮೈ ಬೇರೆ ಅಡ್ಡ.

(ದೃಶ್ಯ: ಕಾರವಾರ, ಬೈತಖೋಲ ಬಂದರು)

ನಮ್ಮ ಮೀನುಗಾರರು ದೋಣಿಯಿಂದ ಮಾತಾಡೋ ವಿಎಚ್‌ಎಫ್ ರೇಡಿಯೋ ನೋಡಿ. ಚಾನೆಲ್ 16 ಅಪಾಯದ ಕರೆಗೆ ಮತ್ತು ಮೊದಲ ಕರೆಗೆ ಮೀಸಲು. ಕರೆದವರು ಸಿಕ್ಕಿದ ಮೇಲೆ ಮಾತುಕತೆ ಬೇರೆ ಚಾನೆಲ್ಲಿಗೆ. ಹರಟೆ ಹೆಚ್ಚಿದ್ರೂ ಮುಳುಗೋನ ದನಿಗೆ ದಾರಿ ಇರಬೇಕು ಅನ್ನೋ ವ್ಯವಸ್ಥೆ ಅದು.

ಖಾಸಗಿ 5ಜಿ ಮಾಡೋದು ಇದನ್ನೇ, ಇನ್ನೂ ಬಿಗಿಯಾಗಿ. ನಿಲ್ದಾಣಕ್ಕೇ ಅಂತ ಪ್ರತ್ಯೇಕ ತರಂಗ, ಪ್ರತ್ಯೇಕ ಸಿಮ್, ಆವರಣದೊಳಗೇ ಕರೆ ನಿಭಾಯಿಸೋ ಸರ್ವರ್. ಆ ಸಿಮ್ ಇಲ್ಲದವರಿಗೆ ಪ್ರವೇಶವೇ ಇಲ್ಲ. ಯಾರು ಯಾವಾಗ ಮಾತಾಡಬೇಕು ಅಂತ ಟವರೇ ಹಂಚುತ್ತೆ. ಟ್ರ್ಯಾಕ್ಟರ್ ಚಾಲಕನ ಸಂದೇಶ ಮೊದಲು, ಕ್ಯಾಮೆರಾದ ವಿಡಿಯೋ ಆಮೇಲೆ. ಪ್ರಯಾಣಿಕರಿಗೆ ವೈಫೈ ಹಾಗೇ ಇರುತ್ತೆ.

ಜರ್ಮನಿ 3.7ರಿಂದ 3.8 ಗಿಗಾಹರ್ಟ್ಸ್ ತರಂಗವನ್ನು ಇಂಥ ಸ್ಥಳೀಯ ಜಾಲಗಳಿಗೇ ಎತ್ತಿಟ್ಟಿದೆ; ಫ್ರಾಂಕ್‌ಫರ್ಟ್ ನಿಲ್ದಾಣ ತನ್ನದೇ 5ಜಿ ಕಟ್ಟಿಕೊಂಡಿದ್ದು ಹಾಗೆ. ಭಾರತದಲ್ಲಿ 2022ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆ ಖಾಸಗಿ ಜಾಲಕ್ಕೆ ಮಾರ್ಗಸೂಚಿ ತಂತು. ಆದರೆ ರನ್‌ವೇ ಪಕ್ಕ ಮನಸ್ಸಿಗೆ ಬಂದಲ್ಲಿ ಟವರ್ ನಿಲ್ಲಿಸೋ ಹಾಗಿಲ್ಲ. ವಿಮಾನ ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ಅಳೆಯೋ ರೇಡಿಯೋ ಆಲ್ಟಿಮೀಟರ್ 4.2ರಿಂದ 4.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತೆ, 5ಜಿ ತರಂಗ ಅದರಿಂದ ಬಹಳ ದೂರ ಇಲ್ಲ, ಅಳತೆಗೆ ಅಡ್ಡಿಯಾಗಬಹುದು.

(ದೃಶ್ಯ: ಅಂಕೋಲಾ, ಅಲಗೇರಿ)

ಇಲ್ಲಿ ನೌಕಾಪಡೆಯ ಜೊತೆಗೆ ನಾಗರಿಕ ವಿಮಾನ ನಿಲ್ದಾಣದ ಯೋಜನೆ ಇದೆ. ದೊಡ್ಡದೇನಲ್ಲ, ಜಾತ್ರೆಯಷ್ಟು ಜನ ಬರೋದೂ ಇಲ್ಲ. ಆದರೂ ಕಾಂಕ್ರೀಟ್ ಹಾಕುವಾಗಲೇ ಫೈಬರ್ ಕೊಳವೆ ಹೂತಿಡಬೇಕು, ಕಂಬಗಳ ಜಾಗ ಗುರುತಿಸಬೇಕು. ರನ್‌ವೇ ಆದಮೇಲೆ ಅಗೆಯೋದು ಎಷ್ಟು ಕಷ್ಟ ಅಂತ ಯೋಚಿಸಿ. ಮಳೆಗಾಲದಲ್ಲಿ ಆ ಟ್ರ್ಯಾಕ್ಟರ್ ಓಡಿಸೋರು ನಮ್ಮೂರ ಮಕ್ಕಳೇ ಆಗಿರ್ತಾರೆ.