ಈಟಿ ಹಿಡಿದ ಹೆಂಗಸು, ಮರೆತುಹೋದ ಹಾಡು

ಕೇಳುಗರಿಗೆ ನಮಸ್ಕಾರ.

ಒಂದು ಹೊಳೆ. ಅದರ ಮೇಲೆ ಎರಡು ಸೇತುವೆ. ಅರಮನೆಯವರು ದಾಟುವುದಕ್ಕೆ ಒಂದು, ಊರ ಜನ ದಾಟುವುದಕ್ಕೆ ಇನ್ನೊಂದು. ಅರಮನೆಯ ಸೇತುವೆ ಮೇಲೆ ರಾಜಕುಮಾರನ ಎತ್ತಿನ ಗಾಡಿ ಬರುತ್ತಿದೆ. ಎತ್ತು ಬೆದರುತ್ತದೆ, ಹುಡುಗ ಹೊಳೆಗೆ ಬೀಳುತ್ತಾನೆ. ಊರ ಜನರ ಸೇತುವೆ ಮೇಲೆ ಒಬ್ಬ ಹೆಂಗಸು ಕೈಯಲ್ಲಿ ಈಟಿ ಹಿಡಿದು ಹೋಗುತ್ತಿದ್ದಾಳೆ. ಅವಳು ಹಿಂದೆಮುಂದೆ ನೋಡದೆ ನೀರಿಗೆ ಧುಮುಕುತ್ತಾಳೆ.

ಅವಳ ಹೆಸರು ಬಾಲ್ಸಾ. ವಯಸ್ಸು 30. ಹಣ ಕೊಟ್ಟವರ ಪ್ರಾಣ ಕಾಯುವುದು ಅವಳ ಕಸುಬು. ಇವಳನ್ನು ಸೃಷ್ಟಿಸಿದವರು ಜಪಾನಿನ ಕಾದಂಬರಿಕಾರ್ತಿ ನಹೋಕೊ ಉಯೆಹಾಶಿ. ಇವತ್ತು ಅವರ ಬಗ್ಗೆ ನಿಮ್ಮ ಹತ್ತಿರ ಮಾತಾಡಬೇಕು ಅಂತ ಬಂದಿದ್ದೇನೆ.

ಉಯೆಹಾಶಿ ಹುಟ್ಟಿದ್ದು 1962ರಲ್ಲಿ, ಟೋಕಿಯೊದಲ್ಲಿ. ತಂದೆ ಚಿತ್ರಕಾರ. ಮನೆಯಲ್ಲಿ ಅಜ್ಜಿ ಇದ್ದರು, ಅಜ್ಜಿಯ ಬಾಯಲ್ಲಿ ಕಥೆಗಳಿದ್ದವು. ಹೈಸ್ಕೂಲಿನಲ್ಲಿದ್ದಾಗ ಇಂಗ್ಲೆಂಡಿಗೆ ಹೋಗಿ, ತಾವು ತುಂಬಾ ಮೆಚ್ಚಿದ್ದ ಮಕ್ಕಳ ಲೇಖಕಿ ಲೂಸಿ ಬಾಸ್ಟನ್ ಅವರನ್ನು ನೋಡಿ ಬಂದರು. ಕಥೆ ಬರೆಯುವ ಆಸೆ ಅಷ್ಟು ಹಳೆಯದು.

ಆದರೆ ಕಾಲೇಜಿನಲ್ಲಿ ಓದಿದ್ದು ಮಾನವಶಾಸ್ತ್ರ. ಅಂದರೆ, ಬೇರೆ ಜನರ ನಡುವೆ ಹೋಗಿ ಇದ್ದು, ಅವರು ಹೇಗೆ ಬದುಕುತ್ತಾರೆ, ಏನು ನಂಬುತ್ತಾರೆ ಅಂತ ತಿಳಿಯುವ ವಿದ್ಯೆ. ಅದಕ್ಕಾಗಿ ಅವರು ಪಶ್ಚಿಮ ಆಸ್ಟ್ರೇಲಿಯಾಕ್ಕೆ ಹೋದರು. ಒಂದು ಸಣ್ಣ ಊರಿನ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುತ್ತಾ, ಅಲ್ಲಿನ ಮೂಲನಿವಾಸಿಗಳ ಪರಿಚಯ ಮಾಡಿಕೊಂಡರು. ಮುಂದೆ ಅವರಲ್ಲಿ ಯಮಾಜಿ ಎಂಬ ಜನರ ಬಗ್ಗೆಯೇ ಡಾಕ್ಟರೇಟ್ ಮಾಡಿ, ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾದರು.

ಮೂಲನಿವಾಸಿ ಅಂದ ತಕ್ಷಣ ನಮ್ಮ ಕಣ್ಣಿಗೆ ಏನು ಬರುತ್ತದೆ? ಮೈಗೆ ಬಣ್ಣ ಬಳಿದುಕೊಂಡು ಕುಣಿಯುವವರು, ಅಲ್ವಾ? ಉಯೆಹಾಶಿ ಕಂಡವರು ಹಾಗಿರಲಿಲ್ಲ. ಅವರು ಪಕ್ಕದ ಮನೆಯಲ್ಲಿ ಇರುವವರು. ಇಂಗ್ಲಿಷ್ ಮಾತಾಡುವವರು. ಅಂಗಡಿಯಲ್ಲಿ ಸಿಗುವವರು. ತಮ್ಮ ಭಾಷೆಯನ್ನು, ಆಚಾರಗಳನ್ನು ಅರ್ಧ ಕಳೆದುಕೊಂಡವರು. ಕಳೆದುಕೊಂಡದ್ದು ತಾವಾಗಿ ಬಿಟ್ಟಿದ್ದರಿಂದ ಅಲ್ಲ, ಅವರಿಂದ ಕಿತ್ತುಕೊಂಡಿದ್ದರಿಂದ. ಈ ಅನುಭವದ ಮೇಲೆ ಅವರು 2000ದಲ್ಲಿ ಒಂದು ಪುಸ್ತಕವನ್ನೇ ಬರೆದರು. ಪಕ್ಕದ ಮನೆಯಲ್ಲಿರುವ ಮೂಲನಿವಾಸಿಗಳು ಎನ್ನುವುದೇ ಅದರ ಹೆಸರಿನ ಅರ್ಥ.

ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮತ್ತೆ ಬಾಲ್ಸಾಳ ಹತ್ತಿರ ಬರೋಣ.

ಬಾಲ್ಸಾಳ ಮೊದಲ ಕಾದಂಬರಿ ಬಂದಿದ್ದು 1996ರಲ್ಲಿ. ಮಕ್ಕಳ ಪುಸ್ತಕವಾಗಿ ಬಂತು. ಇದು ಹುಟ್ಟಿದ ಬಗೆಯನ್ನು ಉಯೆಹಾಶಿ ಹೇಳಿಕೊಂಡಿದ್ದಾರೆ. ಒಮ್ಮೆ ಮನೆಯಲ್ಲಿ ವಿಡಿಯೊ ನೋಡುತ್ತಿದ್ದಾಗ ಯಾವುದೋ ಸಿನಿಮಾದ ಟ್ರೈಲರ್ ಬಂತು. ಉರಿಯುತ್ತಿರುವ ಬಸ್ಸಿನಿಂದ ಒಬ್ಬ ಹೆಂಗಸು ಮಗುವಿನ ಕೈ ಹಿಡಿದು ಇಳಿಯುತ್ತಾಳೆ. ಅವಳು ಹದಿಹರೆಯದ ಚೆಲುವೆಯಲ್ಲ, ಸ್ವಲ್ಪ ವಯಸ್ಸಾದವಳು. ಅಷ್ಟೇ. ಆ ಒಂದು ನೋಟದಿಂದ ಬಾಲ್ಸಾ ಹುಟ್ಟಿದಳು.

ಹೊಳೆಯಿಂದ ಅವಳು ಎತ್ತಿದ ಹುಡುಗ ಚಾಗುಮ್. ಹೊಸ ಯೊಗೊ ಎಂಬ ರಾಜ್ಯದ ರಾಜಕುಮಾರ. ಅವನ ಮೈಯೊಳಗೆ ಒಂದು ಜಲಚೈತನ್ಯ ಮೊಟ್ಟೆ ಇಟ್ಟಿದೆ. ನೂರು ವರ್ಷಕ್ಕೊಮ್ಮೆ ಹೀಗಾಗುತ್ತದೆ. ಮೊಟ್ಟೆ ಒಡೆದು ಮರಿ ಬಂದರೆ ನಾಡಿಗೆ ಮಳೆ. ಮೊಟ್ಟೆ ಸತ್ತರೆ ಬರಗಾಲ. ಆದರೆ ರಾಜನಿಗೆ ಬೇರೆಯದೇ ಚಿಂತೆ. ಮಗನ ಮೇಲೆ ಏನೋ ಬಂದಿದೆ ಅಂತ ಜನರಿಗೆ ಗೊತ್ತಾದರೆ ಸಿಂಹಾಸನದ ಪಾವಿತ್ರ್ಯ ಕೆಡುತ್ತದೆ. ಅದಕ್ಕೆ ಮಗನನ್ನೇ ಗುಟ್ಟಾಗಿ ಕೊಲ್ಲಿಸಲು ಹೊರಡುತ್ತಾನೆ. ತಾಯಿ ರಾತ್ರೋರಾತ್ರಿ ಹುಡುಗನನ್ನು ಬಾಲ್ಸಾಳ ಕೈಗೆ ಒಪ್ಪಿಸುತ್ತಾಳೆ.

ಇಷ್ಟೇ ಆಗಿದ್ದರೆ ಇದೊಂದು ಒಳ್ಳೆಯ ಓಟದ ಕಥೆ ಆಗುತ್ತಿತ್ತು. ಇಲ್ಲಿಂದ ಮುಂದೆ ಉಯೆಹಾಶಿಯೊಳಗಿನ ಮಾನವಶಾಸ್ತ್ರಜ್ಞೆ ಎದ್ದು ಬರುತ್ತಾರೆ.

ಹೊಸ ಯೊಗೊದ ರಾಜರು ಆ ನೆಲದವರಲ್ಲ, ಹೊರಗಿಂದ ಬಂದವರು. ಅಲ್ಲಿ ಮೊದಲಿಂದ ಇದ್ದವರು ಯಾಕು ಜನ. ರಾಜರ ಪುರಾಣ ಏನು ಹೇಳುತ್ತದೆ? ನಮ್ಮ ಮೂಲಪುರುಷ ನೀರಿನ ರಾಕ್ಷಸನನ್ನು ಕೊಂದು ನಾಡು ಕಟ್ಟಿದ ಅಂತ. ಯಾಕು ಜನರಿಗೆ ಆ ಘಟನೆ ಬೇರೆ ರೀತಿಯಲ್ಲಿ ಗೊತ್ತಿತ್ತು. ಗೊತ್ತಿತ್ತು, ಈಗ ಮರೆತಿದ್ದಾರೆ. ಬಂದವರ ಜೊತೆ ಬೆರೆತು, ಅವರ ಮಾತು ಕಲಿತು, ಅವರ ಕಥೆಯನ್ನೇ ನಿಜ ಅಂತ ನಂಬಿದ್ದಾರೆ. ಹುಡುಗನನ್ನು ಉಳಿಸುವುದು ಹೇಗೆ ಅಂತ ಹೇಳುವವರೇ ಇಲ್ಲ. ತೊರೊಗಾಯ್ ಎಂಬ ಮುದುಕಿ ಮಂತ್ರಗಾತಿಗೂ ಅರ್ಧ ಮಾತ್ರ ತಿಳಿದಿದೆ.

ಉಳಿದರ್ಧ ಸಿಗುವುದು ಎಲ್ಲಿ? ಹಳ್ಳಿಯ ಹಬ್ಬದಲ್ಲಿ. ಬೇಸಿಗೆಯ ಹಬ್ಬದಲ್ಲಿ ಜನ ಸುಮ್ನೆ ಹಾಡಿಕೊಂಡು ಬಂದ ಒಂದು ಹಾಡಿನಲ್ಲಿ. ಹಾಡುವವರಿಗೇ ಅದರ ಅರ್ಥ ಗೊತ್ತಿಲ್ಲ. ಇನ್ನೊಂದು ಕಡೆ, ಅರಮನೆಯಲ್ಲಿ ಶುಗಾ ಎಂಬ ಯುವಕ ಬಚ್ಚಿಟ್ಟ ಹಳೆಯ ಶಿಲಾಫಲಕಗಳನ್ನು ಓದುತ್ತಾ ಅದೇ ನಿಜದ ಕಡೆಗೆ ಬರುತ್ತಾನೆ. ಈ ಭಾಗ ಓದುವಾಗ ನನ್ನ ಮೈ ಜುಮ್ಮೆಂದಿತ್ತು. ಮಕ್ಕಳ ಪುಸ್ತಕದಲ್ಲಿ ಇಷ್ಟು ದೊಡ್ಡ ವಿಷಯವನ್ನು ಇಷ್ಟು ಸಲೀಸಾಗಿ ಹೇಳಿದವರನ್ನು ನಾನು ಜಾಸ್ತಿ ಓದಿಲ್ಲ.

ಬಾಲ್ಸಾಳಿಗೂ ಒಂದು ಹಿಂದಿನ ಕಥೆ ಇದೆ. ಅವಳ ತಂದೆ ಕಾನ್ಬಾಲ್ ಎಂಬ ಬೆಟ್ಟದ ರಾಜ್ಯದಲ್ಲಿ ಅರಮನೆಯ ವೈದ್ಯ. ಅಲ್ಲಿನ ಒಳಸಂಚಿನಲ್ಲಿ ತನ್ನ ಪ್ರಾಣ ಹೋಗುತ್ತದೆ ಅಂತ ತಿಳಿದು, ಆರು ವರ್ಷದ ಮಗಳನ್ನು ಗೆಳೆಯ ಜಿಗುರೊನಿಗೆ ಕೊಟ್ಟು ಕಳಿಸಿದ. ಬೆನ್ನಟ್ಟಿ ಬಂದವರು ಜಿಗುರೊನ ಸ್ವಂತ ಸ್ನೇಹಿತರು. ಮಗುವನ್ನು ಉಳಿಸಲು ಅವನು ಅವರಲ್ಲಿ ಎಂಟು ಜನರನ್ನು ಕೊಲ್ಲಬೇಕಾಯಿತು. ಆ ಋಣ ತೀರಿಸಲು ಬಾಲ್ಸಾ ಎಂಟು ಜೀವ ಉಳಿಸುವ ಹರಕೆ ಹೊತ್ತಿದ್ದಾಳೆ. ಹೀಗೆ ಲೆಕ್ಕ ಹಾಕಿ ತೀರಿಸುವ ಋಣವೇ ಅದು? ಈ ಪ್ರಶ್ನೆ ಅವಳನ್ನು ಬಿಡುವುದೇ ಇಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಉಯೆಹಾಶಿ ಅವರ ಪುಸ್ತಕಗಳಲ್ಲಿ ಎಲ್ಲರಿಗೂ ಹಸಿವಾಗುತ್ತದೆ. ಹೊಡೆದಾಟ ಆದಮೇಲೆ ಗಾಯ ನೋಯುತ್ತದೆ, ಹೊಲಿಗೆ ಹಾಕಬೇಕಾಗುತ್ತದೆ, ಬಿಸಿ ಅನ್ನ ಬೇಕಾಗುತ್ತದೆ. ಆ ಊಟಗಳನ್ನು ಎಷ್ಟು ಚೆನ್ನಾಗಿ ಬರೆಯುತ್ತಾರೆ ಅಂದರೆ, ಕಾದಂಬರಿಯ ಅಡುಗೆಗಳನ್ನು ಮಾಡುವುದು ಹೇಗೆ ಅಂತಲೇ 2009ರಲ್ಲಿ ಒಂದು ಪುಸ್ತಕ ಬಂತು.

ಬಾಲ್ಸಾ ಮತ್ತು ಚಾಗುಮ್ ಕಥೆ ಮುಂದೆ ಹತ್ತು ಸಂಪುಟಗಳಾಗಿ ಬೆಳೆಯಿತು. 2007ರಲ್ಲಿ ಅನಿಮೆ, ಅಂದರೆ ಜಪಾನಿನ ಆನಿಮೇಷನ್ ಸರಣಿ ಆಯಿತು. ಮೊದಲ ಕಾದಂಬರಿಯನ್ನು ಇಂಗ್ಲಿಷಿಗೆ ತಂದವರು ಕ್ಯಾಥಿ ಹಿರಾನೊ. ಇವರೂ ಮಾನವಶಾಸ್ತ್ರ ಓದಿದವರು. ಆ ಅನುವಾದಕ್ಕೆ 2009ರಲ್ಲಿ, ಬೇರೆ ಭಾಷೆಯಿಂದ ಬಂದ ಮಕ್ಕಳ ಪುಸ್ತಕಗಳಿಗೆ ಕೊಡುವ ಅಮೆರಿಕದ ಬ್ಯಾಚೆಲ್ಡರ್ ಪ್ರಶಸ್ತಿ ಬಂತು. 2014ರಲ್ಲಿ ಉಯೆಹಾಶಿ ಅವರಿಗೆ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ. ಮಕ್ಕಳ ಸಾಹಿತ್ಯದಲ್ಲಿ ಇದಕ್ಕಿಂತ ದೊಡ್ಡ ಗೌರವ ಇಲ್ಲ ಅನ್ನಬಹುದು.

ಅದೇ ವರ್ಷ ಅವರ ಇನ್ನೊಂದು ದೊಡ್ಡ ಕಾದಂಬರಿ ಬಂತು. ಹೆಸರಿನ ಅರ್ಥ ಜಿಂಕೆಗಳ ರಾಜ. ಒಂದು ಉಪ್ಪಿನ ಗಣಿ. ಅಲ್ಲಿ ದುಡಿಯುವವರು ಗುಲಾಮರು. ಕಾಡುನಾಯಿಗಳು ಬಂದು ಕಚ್ಚುತ್ತವೆ, ಅದರಿಂದ ರೋಗ ತಗಲಿ ಎಲ್ಲರೂ ಸಾಯುತ್ತಾರೆ. ಉಳಿಯುವವರು ವಾನ್ ಎಂಬ ಸೋತ ಯೋಧ ಮತ್ತು ಒಂದು ಹೆಣ್ಣು ಮಗು. ಯುದ್ಧದಲ್ಲಿ ಗೆದ್ದು ಆಳುವವರಿಗೆ ಈ ರೋಗ ತಗಲುತ್ತದೆ, ಸೋತ ಜನಕ್ಕೆ ತಗಲುವುದಿಲ್ಲ ಎಂಬ ಮಾತು ಹಬ್ಬುತ್ತದೆ. ಕೆಲವರು ಶಾಪ ಅನ್ನುತ್ತಾರೆ. ಒಬ್ಬ ವೈದ್ಯ ಮಾತ್ರ ಕಾರಣ ಹುಡುಕುತ್ತಾ ಹೋಗುತ್ತಾನೆ. ಕೊರೊನಾ ಬರುವುದಕ್ಕೆ ಎಷ್ಟೋ ಮೊದಲು ಬರೆದದ್ದು ಇದು. 2015ರಲ್ಲಿ ಜಪಾನಿನ ಪುಸ್ತಕದಂಗಡಿಯವರೇ ಓಟು ಹಾಕಿ ಕೊಡುವ ಪ್ರಶಸ್ತಿ ಇದಕ್ಕೆ ಸಿಕ್ಕಿತು.

ಮೊದಲು ಯಾವುದನ್ನು ಓದಬೇಕು ಅಂತ ಕೇಳಿದರೆ ನಾನು ಬಾಲ್ಸಾಳನ್ನೇ ಹೇಳುತ್ತೇನೆ. ಅದರ ಕೊನೆಯ ಪುಟಗಳಿಗಾಗಿಯಾದರೂ. ಅಪಾಯ ಕಳೆದಿದೆ. ಅಣ್ಣ ತೀರಿಕೊಂಡದ್ದರಿಂದ ಈಗ ಚಾಗುಮ್‌ನೇ ಯುವರಾಜ. ಕರೆದುಕೊಂಡು ಹೋಗಲು ಅರಮನೆಯವರು ಬಂದು ನಿಂತಿದ್ದಾರೆ. ಬೇಡ ಅಂದರೆ ಹೇಳು, ಇವರೆಲ್ಲರನ್ನೂ ಹೊಡೆದು ಓಡಿಹೋಗೋಣ ಎನ್ನುತ್ತಾಳೆ ಬಾಲ್ಸಾ. ಹುಡುಗ ಅಳು ನುಂಗಿಕೊಂಡು ಬೇಡ ಎನ್ನುತ್ತಾನೆ. ಅವನು ಕೇಳುವುದು ಒಂದೇ. ಇನ್ನು ಮೇಲೆ ಎಲ್ಲರೂ ಅವನನ್ನು ಪ್ರಭು ಎಂದೇ ಕರೆಯುತ್ತಾರೆ. ಅದಕ್ಕೆ ಒಂದೇ ಒಂದು ಸಲ, ಹೆಸರು ಹಿಡಿದು ಕರೆದು ಬೀಳ್ಕೊಡು ಅಂತ ಕೇಳುತ್ತಾನೆ.

ಅವಳು ಕರೆಯುತ್ತಾಳೆ.

ನಮಸ್ಕಾರ.