‘ಬರೆಯೋನಿಗೆ ಗೊತ್ತಾಗ್ಬಾರ್ದು’: ಕುದುರೆಯಿಂದ ಬಿದ್ದ ಕೊರಿಯಾ ರಾಜ ಹೆದರಿದ್ದು ಯಾರಿಗೆ?

1404ನೇ ಇಸವಿ, ಕೊರಿಯಾ. ರಾಜ ಬೇಟೆಗೆ ಹೋಗಿದಾನೆ, ಬಿಲ್ಲು ಬಾಣ ತಾನೇ ಹಿಡ್ಕೊಂಡು ಒಂದು ಜಿಂಕೆ ಹಿಂದೆ ಕುದುರೆ ಓಡಿಸ್ತಿದಾನೆ, ಕುದುರೆ ಮುಗ್ಗರಿಸ್ತು, ರಾಜ ಕೆಳಗೆ ಬಿದ್ದ. ಪುಣ್ಯಕ್ಕೆ ಏಟಾಗ್ಲಿಲ್ಲ. ಎದ್ದು ಆ ಕಡೆ ಈ ಕಡೆ ನೋಡಿ ಅಲ್ಲಿದ್ದೋರಿಗೆ ಒಂದು ಮಾತು ಹೇಳ್ದ: "ಇದು ಚರಿತ್ರೆ ಬರೆಯೋನಿಗೆ ಗೊತ್ತಾಗ್ಬಾರ್ದು."

ಆರು ನೂರು ವರ್ಷ ಆದ್ಮೇಲೆ ಇದು ನಮಗೆ ಗೊತ್ತಾಗಿದ್ದು ಹೇಗೆ ಹೇಳಿ? ಬರೆಯೋನು ಬರೆದುಬಿಟ್ಟ. ಬಿದ್ದಿದ್ದನ್ನೂ ಬರೆದ, "ಗೊತ್ತಾಗ್ಬಾರ್ದು" ಅಂದಿದ್ದನ್ನೂ ಬರೆದ!

ಕೆ-ಡ್ರಾಮಾ ನೋಡೋ ತುಂಬಾ ಜನ ಕೇಳ್ತಾನೇ ಇರ್ತೀರ, ಆ ಅರಮನೆ ಸೀನ್‌ಗಳಲ್ಲಿ ಮೂಲೇಲಿ ಕೂತ್ಕೊಂಡು ಕುಂಚದಲ್ಲಿ ಏನೋ ಬರೀತಾ ಇರ್ತಾರಲ್ಲ, ಅವರು ಯಾರು ಅಂತ. ಅವರನ್ನ ಸಾಗ್ವನ್ ಅಂತಾರೆ, ಅಂದ್ರೆ ಅರಮನೇಲಿ ಚರಿತ್ರೆ ಬರೆಯೋರು. ಅವರ ಕಥೆ ಅರ್ಥ ಆಗ್ಬೇಕು ಅಂದ್ರೆ ಮೊದಲು ಈ ಬಿದ್ದ ರಾಜ ಟೇಜಾಂಗ್ ಎಂಥೋನು ಅಂತ ಗೊತ್ತಿರ್ಬೇಕು, ಅವನ ಅಪ್ಪನಿಂದ ಶುರು ಮಾಡಿ ಬೇಗ ಹೇಳ್ಬಿಡ್ತೀನಿ.

(ಮ್ಯಾಪ್: ಯಾಲು ನದಿ)

1388ರಲ್ಲಿ ಗೋರ್ಯೋ (ಆಗಿನ ಕೊರಿಯಾ) ರಾಜ್ಯದ ಸೇನಾಪತಿ ಯಿ ಸಂಗ್‌ಗ್ಯೆಗೆ ಉತ್ತರಕ್ಕೆ ಹೋಗಿ ಚೀನಾದ ಮಿಂಗ್ ವಂಶದೋರ ಮೇಲೆ ಯುದ್ಧ ಮಾಡು ಅಂತ ಆಜ್ಞೆ ಬಂತು. ಚೀನಾ ಗಡಿಯ ಯಾಲು ನದಿ ಮಧ್ಯದ ವಿಹ್ವಾ ದ್ವೀಪದ ತನಕ ಹೋದ, ಅಲ್ಲಿಂದ ಮುಂದಕ್ಕೆ ಹೋಗ್ಲಿಲ್ಲ. ಚಿಕ್ಕ ದೇಶ ದೊಡ್ಡ ದೇಶದ ಮೇಲೆ ಹೋಗೋದು ಸರಿಯಲ್ಲ ಅಂದ, ಇದು ಮಳೆಗಾಲ, ಬಿಲ್ಲಿಗೆ ಹಾಕಿರೋ ಅಂಟು ಬಿಟ್ಕೊಳ್ಳುತ್ತೆ, ಸೈನ್ಯಕ್ಕೆ ಕಾಯಿಲೆ ಬರುತ್ತೆ ಅಂದ. ಸೈನ್ಯ ವಾಪಸ್ ತಿರುಗಿಸ್ಕೊಂಡು ಬಂದು ರಾಜಧಾನೀನೇ ಹಿಡ್ದ. 1392ರಲ್ಲಿ ತಾನೇ ಸಿಂಹಾಸನ ಏರಿದ. ಅವನೇ ಟೇಜೋ, ಜೋಸನ್ ವಂಶದ ಮೊದಲನೇ ರಾಜ.

ಅಪ್ಪನಿಗೆ ದಾರಿ ಮಾಡಿಕೊಟ್ಟೋನು ಐದನೇ ಮಗ ಯಿ ಬಾಂಗ್‌ವನ್. ಹಳೇ ರಾಜ್ಯಕ್ಕೆ ನಿಷ್ಠನಾಗಿದ್ದ ದೊಡ್ಡ ವಿದ್ವಾಂಸ ಜಾಂಗ್ ಮೋಂಗ್‌ಜುವನ್ನ ಕೊಲ್ಲಿಸಿದ್ದು ಇವನೇ. ಇಷ್ಟೆಲ್ಲಾ ಆದ್ಮೇಲೆ ಅಪ್ಪ ಯುವರಾಜ ಅಂತ ಮಾಡಿದ್ದು ಯಾರನ್ನ? ಎರಡನೇ ಹೆಂಡತಿಯ ಕಿರಿಮಗನನ್ನ. 1398ರಲ್ಲಿ ಬಾಂಗ್‌ವನ್ ಆ ಹುಡುಗನನ್ನೂ ಅವನ ಅಣ್ಣನನ್ನೂ ಮುಗಿಸಿದ, ಹೊಸ ರಾಜ್ಯದ ಕಾನೂನು, ಅರಮನೆ ಎಲ್ಲಾ ಯೋಜನೆ ಹಾಕಿದ್ದ ಮಂತ್ರಿ ಜಾಂಗ್ ದೋಜನ್‌ನನ್ನೂ ಮುಗಿಸಿದ. ಅಪ್ಪ ನೊಂದು ಸಿಂಹಾಸನ ಬಿಟ್ಟ, ಎರಡನೇ ಮಗ ಜಾಂಗ್‌ಜಾಂಗ್ ಎರಡು ವರ್ಷ ಹೆಸರಿಗೆ ರಾಜ ಆಗಿದ್ದ, 1400ರಲ್ಲಿ ಬಾಂಗ್‌ವನ್ ಕೂತ. ಅವನೇ ಟೇಜಾಂಗ್, ಮೂರನೇ ರಾಜ.

ಅಪ್ಪ ಮುನಿಸ್ಕೊಂಡು ದೂರದ ಹಾಮ್‌ಹುಂಗ್‌ಗೆ ಹೋಗಿಬಿಟ್ಟ. ಕರ್ಕೊಂಡು ಬನ್ನಿ ಅಂತ ಮಗ ಕಳಿಸಿದ ದೂತರನ್ನೆಲ್ಲಾ ಮುದುಕ ಕೊಲ್ಲಿಸ್ತಿದ್ದ ಅಂತ ಜನಪದ ಕಥೆ ಇದೆ. ಇವತ್ತಿಗೂ ಹೋದೋನು ಪತ್ತೆ ಇಲ್ದೆ ಹೋದ್ರೆ ಕೊರಿಯಾದಲ್ಲಿ "ಹಾಮ್‌ಹುಂಗ್‌ಗೆ ಹೋದ ದೂತ" ಅಂತಾರೆ.

ಈಗ ವಾಪಸ್ ಆ ಬೇಟೆಗೆ ಬನ್ನಿ. ತಮ್ಮಂದಿರನ್ನ ಕೊಂದೋನು, ಮುಂದೆ ಹೆಂಡತಿಯ ನಾಲ್ಕು ಜನ ತಮ್ಮಂದಿರನ್ನೂ, ಮಗನ ಮಾವನನ್ನೂ ಬಿಡ್ದೇ ಇರೋನು. ಅಂಥೋನು ಕುದುರೆಯಿಂದ ಬಿದ್ದಿದ್ದು ಯಾರಿಗೋ ಗೊತ್ತಾಗುತ್ತಲ್ಲ ಅಂತ ಕಸಿವಿಸಿ ಪಡ್ತಿದಾನೆ! ಆ "ಯಾರೋ" ದೊಡ್ಡ ಅಧಿಕಾರಿ ಏನಲ್ಲ. ಪ್ರತಿದಿನ ಬರೆಯೋ ಕೆಲಸದ ಸಾಗ್ವನ್‌ಗಳು ಎಂಟೇ ಜನ, ದರ್ಜೇಲಿ ತೀರಾ ಕೆಳಗಿನೋರು. ಆದ್ರೆ ಅವರು ಬರೆದಿದ್ದನ್ನ ರಾಜ ನೋಡೋ ಹಾಗಿಲ್ಲ, ರಾಜ ಸತ್ತ ಮೇಲೇನೇ ಅದೆಲ್ಲಾ ಸೇರಿಸಿ ಆ ರಾಜನ ಚರಿತ್ರೆ, ಅಂದ್ರೆ ಸಿಲ್ಲೊಕ್, ಮಾಡೋದು.

ಇದಕ್ಕೂ ಮೂರು ವರ್ಷ ಮುಂಚೆ, 1401ರಲ್ಲಿ, ಮಿನ್ ಇನ್‌ಸೇಂಗ್ ಅನ್ನೋ ಸಾಗ್ವನ್ ರಾಜನ ಖಾಸಗಿ ಸಭಾಂಗಣಕ್ಕೇ ಬಂದ. ಇದು ನಾನು ಆರಾಮಾಗಿರೋ ಜಾಗ, ಇಲ್ಲಿಗೆ ಬರ್ಬೇಡ ಅಂದ ರಾಜ. ಅದಕ್ಕೆ ಅವನು, ಸಾಗ್ವನ್ ಇದ್ದದ್ದು ಇದ್ದ ಹಾಗೆ ಬರೀದೇ ಇದ್ರೆ ನೋಡ್ಕೊಳ್ಳೋಕೆ ಮೇಲೆ ದೈವ ಇದೆ ಅಂದ. ನನಗಂತೂ ಇದನ್ನ ಓದಿದಾಗ ಮೈ ಜುಮ್ ಅಂತು, ಎದುರಿಗೆ ಕೂತಿರೋನು ಯಾರು ಅಂತ ಗೊತ್ತಿದ್ದೂ ಆಡಿದ ಮಾತು ಅದು. ಆಮೇಲೆ ಮಿನ್ ಬಾಗಿಲ ಮರೇಲಿ ಇಣುಕಿ ನೋಡ್ತಾ ಸಿಕ್ಕಿಬಿದ್ದ, ಗಡೀಪಾರು ಮಾಡಿದ್ರು. ಒಬ್ಬನನ್ನ ಕಳಿಸಿದ್ರೂ ಬರೆಯೋದು ನಿಲ್ಲಲಿಲ್ಲ ನೋಡಿ. ಆವತ್ತು ಬೇಟೇಲಿ ಬಿದ್ದಾಗ ರಾಜ ಸುಮ್ಮನೆ ಎದ್ದು ಬಟ್ಟೆ ಕೊಡವ್ಕೊಂಡು ಹೋಗಿದ್ರೆ ಅದು ಯಾರೂ ಗಮನಿಸದ ಒಂದು ಸಾಲಾಗ್ತಿತ್ತು, ಮುಚ್ಚಿಡಿ ಅಂದಿದ್ದಕ್ಕೇ ನಾವಿವತ್ತೂ ಅದನ್ನ ಮಾತಾಡ್ತಿದೀವಿ.

ಟೈಮ್ ಆಗ್ತಿದೆ, ಮುಂದಿನ ರಾಜನ ಕಥೆ ಬೇಗ ಹೇಳ್ತೀನಿ. ನಾಲ್ಕನೇ ರಾಜ ಟೇಜಾಂಗ್‌ನ ಮಗ ಸೇಜಾಂಗ್, 1446ರಲ್ಲಿ ಕೊರಿಯಾ ಲಿಪಿಯನ್ನ ಜನರಿಗೆ ಕೊಟ್ಟೋನು. ಅವನೂ 1431ರಲ್ಲಿ ಅಪ್ಪನ ಸಿಲ್ಲೊಕ್ ಒಂದ್ಸಲ ನೋಡ್ಬೇಕು ಅಂದ. ನೀವು ನೋಡಿದ್ರೆ ಮುಂದಿನ ರಾಜರೂ ನೋಡ್ತಾರೆ, ತಿದ್ದಿಸ್ತಾರೆ, ಆಮೇಲೆ ಯಾರೂ ಧೈರ್ಯವಾಗಿ ಬರೆಯೋದಿಲ್ಲ ಅಂದ್ರು ಮಂತ್ರಿಗಳು. ಸೇಜಾಂಗ್ ಒಪ್ಕೊಂಡು ಸುಮ್ಮನಾದ. ಲಿಪಿಯಷ್ಟೇ ದೊಡ್ಡದು ಈ ಸುಮ್ಮನಾಗಿದ್ದು ಅಂತ ನನಗನ್ಸುತ್ತೆ. 

ಈ ಬರಹಗಳು ಉಳಿದಿದ್ದು ಒಂದು ಕೂದಲೆಳೆಯಲ್ಲಿ. ಪ್ರತಿಗಳನ್ನ ನಾಲ್ಕು ಊರಲ್ಲಿ ಇಟ್ಟಿದ್ರು. 1592ರಲ್ಲಿ ಜಪಾನಿನ ಸೈನ್ಯ ನುಗ್ಗಿದಾಗ ಮೂರು ಕಡೆ ಸುಟ್ಟುಹೋಯ್ತು. ನಾಲ್ಕನೇ ಊರು ಜಾನ್‌ಜು. ಅಲ್ಲಿಂದ ಅರವತ್ತರ ಆಸುಪಾಸಿನ ಇಬ್ಬರು ವಿದ್ವಾಂಸರು, ಆನ್ ಉಯಿ ಮತ್ತೆ ಸೋನ್ ಹಾಂಗ್‌ನೋಕ್, ಪೆಟ್ಟಿಗೆಗಳನ್ನ ನೇಜಾಂಗ್ ಬೆಟ್ಟಕ್ಕೆ ಸಾಗಿಸಿ ವರ್ಷಕ್ಕಿಂತ ಹೆಚ್ಚು ಕಾಲ ಕಾವಲು ಕಾದ್ರು. ಆ ಪೆಟ್ಟಿಗೆಗಳಲ್ಲಿ ಒಂದರೊಳಗೆ ಜಿಂಕೆ, ಮುಗ್ಗರಿಸಿದ ಕುದುರೆ, ಎದ್ದು ಅಕ್ಕಪಕ್ಕ ನೋಡ್ತಿರೋ ಟೇಜಾಂಗ್ ಎಲ್ಲಾ ಇದ್ರು.