ಡಿಸ್ಕ್ ಇದೆ, ಇನ್‌ಸ್ಟಾಲರ್‌ಗೆ ಮಾತ್ರ ಕಾಣುತ್ತಿಲ್ಲ!

ಈ ವಿಡಿಯೋದಲ್ಲಿ ಸರ್ವರ್‌ಗೆ ಲಿನಕ್ಸ್ ಇನ್‌ಸ್ಟಾಲ್ ಮಾಡುತ್ತಿದ್ದೇನೆ. ಸದ್ದು ಜಾಸ್ತಿ ಅಲ್ವಾ? ಸರ್ವರ್ ಆನ್ ಆದ ತಕ್ಷಣ ಫ್ಯಾನ್‌ಗಳೆಲ್ಲ ಪೂರ್ತಿ ವೇಗದಲ್ಲಿ ತಿರುಗುತ್ತವೆ. ಸ್ವಲ್ಪ ಹೊತ್ತಿಗೆ ಇಳಿಯುತ್ತದೆ.

ಬೂಟ್ ಮೆನು ನೋಡಿ. ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುತ್ತಿದೆ. ಯುಇಎಫ್‌ಐ, ಅಂದರೆ ಬೂಟ್ ಆಗುವ ಹೊಸ ದಾರಿ, ಅಂತ ಇರುವುದನ್ನೇ ಆರಿಸಿ. ಇನ್ನೊಂದು ಹಳೆಯ ಬಯಾಸ್ ದಾರಿ. ಅಲ್ಲಿ ಎಂಬಿಆರ್ ಅನ್ನುವ ಹಳೆ ವಿಧಾನದಲ್ಲಿ ಡಿಸ್ಕ್ ಪಾರ್ಟಿಷನ್ ಆಗಿಬಿಟ್ಟರೆ 2 ಟಿಬಿ ಆಚೆಗಿನ ಜಾಗ ಕೈಗೆ ಸಿಗುವುದಿಲ್ಲ. ನನ್ನ ಡಿಸ್ಕ್ 4 ಟಿಬಿ.

ಈಗ ನಿಜವಾದ ತಲೆನೋವು. ಭಾಷೆ, ಕೀಬೋರ್ಡ್ ಎಲ್ಲ ಆಯಿತು. ಡಿಸ್ಕ್ ಆರಿಸುವ ಕಡೆ ಬಂದರೆ ಪೆನ್‌ಡ್ರೈವ್ ಒಂದೇ ಇದೆ! ರೇಡ್ ಕಾರ್ಡ್ ಅಂದರೆ ಹಲವು ಡಿಸ್ಕ್‌ಗಳನ್ನು ಜೋಡಿಸಿ ಒಂದೇ ಡಿಸ್ಕಿನಂತೆ ತೋರಿಸುವ ಕಾರ್ಡ್. ಅದರ ಮೆನುವಿನಲ್ಲಿ ಮಾತ್ರ ಎರಡೂ ಡಿಸ್ಕ್ ಇವೆ, ಅವನ್ನು ಜೋಡಿಸಿ ಮಾಡಿದ ವರ್ಚುವಲ್ ಡಿಸ್ಕ್ ಕೂಡ ಇದೆ, ಪಕ್ಕದಲ್ಲಿ 'ಆಪ್ಟಿಮಲ್', ಅಂದರೆ ಎಲ್ಲ ಸರಿಯಿದೆ, ಅಂತಲೂ ಇದೆ.

ಡಿಸ್ಕ್ ತೆಗೆದು ಹಾಕಿದೆ. ಕೇಬಲ್ ಬದಲಿಸಿದೆ. ಕಾರ್ಡನ್ನು ಬೇರೆ ಸ್ಲಾಟಿಗೆ ಹಾಕಿದೆ. ಪ್ರತಿ ಸಲ ರೀಸ್ಟಾರ್ಟ್. ಮೊದಲು ಮೆಮೊರಿ ಪರೀಕ್ಷೆ, ಆಮೇಲೆ ರೇಡ್ ಕಾರ್ಡಿನ ಸರದಿ, ಆಮೇಲೆ ನೆಟ್‌ವರ್ಕ್ ಕಾರ್ಡ್. ಗಡಿಯಾರ ಇಟ್ಟು ನೋಡಿದೆ, ಪೂರಾ 6 ನಿಮಿಷ. ಅಷ್ಟು ಕಾದು ಕೂತು, ಕೀ ಒತ್ತುವುದು ಒಂದು ಕ್ಷಣ ತಪ್ಪಿದರೆ ಮತ್ತೆ ಮೊದಲಿಂದ. ನನಗೆ ಎರಡು ಸಲ ತಪ್ಪಿತು. ತುಂಬಾ ಸಿಟ್ಟು ಬಂತು. 'ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡೋಣ' ಅನ್ನುವ ಲ್ಯಾಪ್‌ಟಾಪ್ ಅಭ್ಯಾಸವನ್ನು ಇಲ್ಲಿ ಬಿಡಲೇಬೇಕು.

ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ಮಾಡಬೇಕಿದ್ದ ಕೆಲಸ ಇದು. ಇನ್‌ಸ್ಟಾಲರ್‌ನಿಂದಲೇ ಶೆಲ್‌ಗೆ, ಅಂದರೆ ಕಮಾಂಡ್ ಟೈಪ್ ಮಾಡುವ ಪರದೆಗೆ, ಹೋಗಿ. ಸರ್ವರ್‌ನಲ್ಲಿರುವ ಕಾರ್ಡ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಪಿಸಿಐ (lspci) ಕಮಾಂಡ್ ಕೊಡಿ, ಜೊತೆಗೆ ಹಾಕಬೇಕಾದ ಆಪ್ಷನ್ ಸ್ಕ್ರೀನ್ ಮೇಲಿದೆ. ನೆಟ್‌ವರ್ಕ್ ಕಾರ್ಡಿನ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಅನ್ನುವ ಸಾಲು ಕಂಡಿತಾ? ಈಗ ರೇಡ್ ಕಾರ್ಡಿನ ಕೆಳಗೆ ನೋಡಿ. ಆ ಸಾಲೇ ಇಲ್ಲ. ಕಾರ್ಡ್ ಕೆಟ್ಟಿಲ್ಲ, ಕೇಬಲ್ಲೂ ಕೆಟ್ಟಿಲ್ಲ. ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಇಲ್ಲ, ಅಷ್ಟೇ. ಓಎಸ್‌ನ ಹೊಸ ಆವೃತ್ತಿ ಬಂದಾಗ ಹಳೆ ಕಾರ್ಡ್‌ಗಳನ್ನು ಕೈಬಿಡುವುದುಂಟು. ವಿಂಡೋಸ್ ಸರ್ವರ್‌ನಲ್ಲೂ ಡಿಸ್ಕ್ ಕಾಣದಿದ್ದರೆ ಮೊದಲು 'ಲೋಡ್ ಡ್ರೈವರ್' ಒತ್ತಿ ನೋಡಿ.

ನನ್ನದು ಅನಕೊಂಡ ಅನ್ನುವ ಲಿನಕ್ಸ್ ಇನ್‌ಸ್ಟಾಲರ್. ಇನ್ನೊಂದು ಪೆನ್‌ಡ್ರೈವಿಗೆ ಓಇಎಂಡಿಆರ್‌ವಿ (OEMDRV) ಅಂತ ಲೇಬಲ್ ಕೊಟ್ಟು ಡ್ರೈವರ್ ಹಾಕಿದರೆ ಸಾಕು, ಅದೇ ಹುಡುಕಿಕೊಳ್ಳುತ್ತದೆ. ಓಎಸ್ ಆವೃತ್ತಿಗೆ ಹೊಂದುವ ಡ್ರೈವರ್ರೇ ಆಗಿರಬೇಕು, ಇದನ್ನು ಮರೆಯಬೇಡಿ.

ಬೆಳಗ್ಗೆ ಹೇಳಿದ್ದೆ, ರೇಡ್ ಕಾರ್ಡ್ ದಂಡ, ಕಿತ್ತು ಹಾಕುತ್ತೇನೆ ಅಂತ. ಈಗ ಹಾಗನ್ನಿಸುತ್ತಿಲ್ಲ. ಇದರಲ್ಲಿ ಬ್ಯಾಟರಿ ಇದೆ. ಡಿಸ್ಕಿಗೆ ಬರೆಯುವ ಮೊದಲೇ ಕರೆಂಟ್ ಹೋದರೂ ಕಾರ್ಡಿನ ತಾತ್ಕಾಲಿಕ ಮೆಮೊರಿಯಲ್ಲಿ, ಅಂದರೆ ಕ್ಯಾಶ್‌ನಲ್ಲಿರುವ ಡೇಟಾ ಉಳಿಯುತ್ತದೆ. ಆ ಬ್ಯಾಟರಿಯೂ ಹಳೆಯದಾದರೆ ಬದಲಿಸಬೇಕು, ಅದು ಬೇರೆ ಕಥೆ, ನಾನೊಂದು ಸಲ...

ಅಯ್ಯೋ, ಡಿಸ್ಕ್ ಬಂತು ಬಂತು! 3.64 ಅಂತ ಇದೆ ನೋಡಿ. 1024ರ ಲೆಕ್ಕದಲ್ಲಿ ನಮ್ಮ 4 ಟಿಬಿ ಅಂದರೆ ಇದೇ. ಟಿಕ್ ಮಾಡಿದೆ. ಮುಂದಕ್ಕೆ ಒತ್ತುತ್ತಿದ್ದೇನೆ.